ಕೊಬ್ಬರಿ ಕಟ್ಟಿದ ಚಿಗರಿ

ಹುರಳಿ ಬೇಯುವ ವಾಸನೆ ಕೆಲವರಿಗೆ ಬಹಳ ಹಿತವಂತೆ. ಇರಲಿ. ಹುರಳಿಕಟ್ಟಿನ ಸಾರನ್ನು ಹೊಗಳುವವರ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಉಂಡು ಎದ್ದು ಬಂದವಳು ನಾನು. ಆದರೆ ಕಳೆದ ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ದೊಡ್ಡ ಊರಿನ ಮೃಗಾಲಯಕ್ಕೆ ಹೋಗಿದ್ದಾಗ, ಆನೆಯ ಕಟ್ಟೆಯ ಹಿಂದಿನ ಅಡುಗೆ ಕೋಣೆಯಿಂದ ಆ ವಾಸನೆ ತೇಲಿ ಬಂತು. ಬರೀ ಹುರಳಿಯದಲ್ಲ. ಒಣಹುಲ್ಲು, ತುಕ್ಕು ಹಿಡಿದ ಕಬ್ಬಿಣ, ಹಳೆಯ ಮೂತ್ರ, ಬಿಸಿಲಿಗೆ ಕಾದ ಸಿಮೆಂಟು, ಇವೆಲ್ಲದರ ನಡುವೆ ದಪ್ಪಗೆ, ಸಿಹಿಸಿಹಿಯಾಗಿ ಹುರಳಿ. ಮೂಗಿಗೆ ಸೆರಗು ಒತ್ತಿಕೊಂಡು ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟೆ. ಮಗಳು ಗಾಬರಿಯಾಗಿ, "ಏನಾತಬೇ?" ಎಂದಳು. "ಏನಿಲ್ಲ, ನಮ್ಮ ಅಜ್ಜನ ಮನಿ ವಾಸನಿ ಬಂತು" ಎಂದೆ. ಅವಳು ನಕ್ಕಳು. ಅಜ್ಜನ ಮನೆಯೆಂದರೆ ತುಪ್ಪದ ವಾಸನೆ, ಮಲ್ಲಿಗೆಯ ವಾಸನೆ ಬರಬೇಕೆಂದು ಅವಳ ಪಠ್ಯಪುಸ್ತಕದಲ್ಲಿ ಬರೆದಿದ್ದಾರೆ.

ನಿಮಗೂ ಅಂಥದೊಂದು ಮನೆ ಇದ್ದೀತು. ಈಗ ಇಲ್ಲದ ಮನೆ. ಅದರ ಹಳೆಯ ಫೋಟೋವನ್ನು ಯಾರೋ ಒಬ್ಬರು ಬೆಳಿಗ್ಗೆ ಬೆಳಿಗ್ಗೆ ಫೋನಿಗೆ ಕಳಿಸುತ್ತಾರೆ, ಕೆಳಗೆ ಇಪ್ಪತ್ತು ಜನ ಕೈಮುಗಿಯುತ್ತಾರೆ. ನಮ್ಮಲ್ಲಿ ಆ ಕೆಲಸ ಕಾಕಾನ ಮಗ ಬಸುವಿನದು. "ನಮ್ಮ ಅಜ್ಜಾರ ಮನಿ ಖರೇನ ಸ್ವರ್ಗ ಇತ್ತು" ಎಂದು ಬರೆಯುತ್ತಾನೆ. ಮರುಕ್ಷಣ ಇನ್ನೊಬ್ಬರು, "ಆಕಿ ಒಬ್ಬಾಕಿ ಇರಲಿಲ್ಲಂದ್ರ ಇವತ್ತೂ ಇರ್ತಿತ್ತು" ಎನ್ನುತ್ತಾರೆ. ಆಕಿ ಎಂದರೆ ನಮ್ಮ ನೀಲತ್ತೆ, ಅಪ್ಪನ ಕಿರಿಯ ತಂಗಿ. ಅವಳು ಸತ್ತ ಮೇಲೂ ಇವರ ಬಾಯಲ್ಲಿ ಅವಳಿಗೊಂದು ಹೆಸರಿಲ್ಲ. ನನಗೂ ಆ ಮನೆ ನೆನಪಾಗುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಸ್ವರ್ಗ ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಆ ಮನೆಯನ್ನು ಮುರಿದವರು ಯಾರೆಂದು ಒಮ್ಮೆ ಸರಿಯಾಗಿ ಹೇಳಿಬಿಡಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮನೆ ಇದ್ದದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಹುಣಸೆಮರವಿದ್ದ ದೊಡ್ಡ ಹಿತ್ತಲು. ಅಜ್ಜ ಮೆಣಸಿನಕಾಯಿ ದಲಾಲ. ಯಾವುದೋ ಮದುವೆಗೆಂದು ದೂರದ ಊರಿಗೆ ಹೋದವನು ಅಲ್ಲಿನ ಮೃಗಾಲಯ ನೋಡಿ ಬಂದ. ಬಂದವನು ಮೊದಲಿನ ಅಜ್ಜನಾಗಿ ಉಳಿಯಲಿಲ್ಲ. ಹಿತ್ತಲಿನಲ್ಲಿ ಪಂಜರಗಳು ಎದ್ದವು. ಚೀಲ ತರುತ್ತಿದ್ದ ರೈತರಿಗೆ ಸಾವ್ಕಾರರ ಹುಚ್ಚು ಗೊತ್ತಾಗಿ, ಹೊಲದಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಕೊಡತೊಡಗಿದರು. ಮುಂಗುಸಿ ಬಂತು, ಮೈಮೇಲೆ ನಕ್ಷತ್ರವಿದ್ದ ಆಮೆ ಬಂತು, ಕೋಳಿಯ ಕಾವಿಗೆ ಇಟ್ಟ ಮೊಟ್ಟೆಯಿಂದ ನವಿಲು ಹುಟ್ಟಿತು, ಎರಡು ಮಂಗಗಳು ಬಂದವು, ಕಾಲು ಮುರಿದ ನರಿಯೊಂದು ಬಂತು. ಅಜ್ಜ ಪೇಂಟರನನ್ನು ಕರೆಸಿ ಪ್ರತಿ ಪಂಜರಕ್ಕೂ ಬೋರ್ಡು ಬರೆಸಿದ. "ಇದು ನರಿ. ಬಹಳ ಶಾಣ್ಯಾ ಪ್ರಾಣಿ." ಅಷ್ಟು ಶಾಣ್ಯಾ ಆಗಿದ್ದರೆ ನಮ್ಮ ಹಿತ್ತಲಿಗೆ ಯಾಕೆ ಬರುತ್ತಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇಂಥ ಸಾಕಣೆಗೆ ಕಾನೂನು ಒಪ್ಪುವುದಿಲ್ಲವೆಂದು ಅಜ್ಜನಿಗೆ ಗೊತ್ತಿತ್ತು. ಆದರೆ ಕಾನೂನು ಬೇರೆಯವರ ಮನೆಯ ಸಂಗತಿ ಎಂದುಕೊಂಡೇ ಅವನು ದೊಡ್ಡವನಾಗಿದ್ದ.

ಭಾನುವಾರ ಜನ ಬರುತ್ತಿದ್ದರು. ಅಜ್ಜ ಬಿಳಿ ಧೋತರ ಉಟ್ಟು, ಕೈಯಲ್ಲಿ ಬೆತ್ತ ಹಿಡಿದು ಅವರನ್ನು ಹಿತ್ತಲ ತುಂಬ ಸುತ್ತಿಸುತ್ತಿದ್ದ. ಸಂಕ್ರಾಂತಿ ಮುಗಿದು ಪೇಟೆಗೆ ಕಾಯಿ ಬರಲು ಶುರುವಾದರೆ ಊರೆಲ್ಲ ಕೆಂಪು. ಚಾವಣಿಯ ಮೇಲೆ, ರಸ್ತೆಯ ಮೇಲೆ, ನಮ್ಮ ಅಂಗಳದ ಮೂಲೆ ಮೂಲೆಯಲ್ಲಿ ಮೆಣಸಿನಕಾಯಿ. ನಮ್ಮ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಿಜ. ಆದರೂ ಅದರ ಧೂಳು ಮೂಗನ್ನೂ ಬಿಡುತ್ತಿರಲಿಲ್ಲ, ಕಣ್ಣನ್ನೂ ಬಿಡುತ್ತಿರಲಿಲ್ಲ. ಮನುಷ್ಯರಾದ ನಾವು ಸೆರಗು, ಟವೆಲ್ಲು ಮುಚ್ಚಿಕೊಳ್ಳುತ್ತಿದ್ದೆವು. ಪಂಜರದಲ್ಲಿದ್ದವು ಏನು ಮುಚ್ಚಿಕೊಳ್ಳಬೇಕು? ಮಂಗಗಳ ಕಣ್ಣಿಂದ ಇಡೀ ಮೂರು ತಿಂಗಳು ನೀರು ಸುರಿಯುತ್ತಿತ್ತು. ನರಿ ಸೀನಿ ಸೀನಿ ಮೂಲೆಗೆ ಮೂತಿ ತುರುಕುತ್ತಿತ್ತು. ನೋಡಲು ಬಂದವರು, "ಸಾವ್ಕಾರ್ರ, ನಿಮ್ಮ ಮಂಗ್ಯಾ ಅಳಾಕತ್ತೈತಲ್ರಿ!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಜ್ಜನೂ ನಗುತ್ತಿದ್ದ. ಬಸುವಿನ ಸ್ವರ್ಗ ಇದು.

ಹಿತ್ತಲಿನ ಕೆಲಸವೆಲ್ಲ ನೀಲತ್ತೆಯದು. ರಾಣೆಬೆನ್ನೂರಿಗೆ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಒಂದು ಟ್ರಂಕಿನ ಜೊತೆ ತವರಿಗೆ ಮರಳಿದ್ದಳು. ಯಾಕೆ ಬಂದಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಯಾವಾಗ ಹೋಗುತ್ತಾಳೆಂದು ಮಾತ್ರ ಎಲ್ಲರೂ ಕೇಳಿದರು. ಕೊನೆಗೆ, ಕೂತು ಉಣ್ಣುವುದಕ್ಕಿಂತ ಏನಾದರೂ ಮಾಡಲಿ ಎಂದು ಪಂಜರಗಳ ಬೀಗದ ಕೈ ಅವಳಿಗೆ ಕೊಟ್ಟರು. ಅಜ್ಜ ಬೆತ್ತ ತಿರುಗಿಸುತ್ತಿದ್ದ, ಅತ್ತೆ ಹೊಲಸು ಬಳಿಯುತ್ತಿದ್ದಳು. ಮೆಣಸಿನಕಾಯಿ ಸುಗ್ಗಿಯಲ್ಲಿ ಹಳೆಯ ಸೀರೆಗಳನ್ನು ನೀರಲ್ಲಿ ಅದ್ದಿ ಪಂಜರಗಳಿಗೆ ಪರದೆ ಕಟ್ಟುತ್ತಿದ್ದಳು. ಬಂದವರಿಗೆ ಕಾಣುವುದಿಲ್ಲವೆಂದು ಅಜ್ಜ ಭಾನುವಾರ ಅವನ್ನು ಬಿಚ್ಚಿಸುತ್ತಿದ್ದ. ಅವಳು ಸೋಮವಾರ ಮತ್ತೆ ಕಟ್ಟುತ್ತಿದ್ದಳು. ಇದು ಅವರಿಬ್ಬರ ನಡುವಿನ ಮಾತಿಲ್ಲದ ಜಗಳ, ವರ್ಷಗಟ್ಟಲೆ ನಡೆದದ್ದು.

ಚಿಗರಿ, ಎಂದರೆ ಕೃಷ್ಣಮೃಗದ ಮರಿ, ಬಂದದ್ದು ಮೇಡ್ಲೇರಿ ಕಡೆಯಿಂದ. ಗೋವಿನಜೋಳದ ಹೊಲದಲ್ಲಿ ತಾಯಿ ಬಿಟ್ಟು ಓಡಿತ್ತಂತೆ. ರೈತನೊಬ್ಬ ಮರಿಯನ್ನು ಖಾಲಿ ಮೆಣಸಿನಕಾಯಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಚೀಲದಿಂದ ತೆಗೆದಾಗ ಅದರ ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ನೀಲತ್ತೆ ಅದನ್ನು ಮಡಿಲಲ್ಲಿ ಹಾಕಿಕೊಂಡು, ಹಾಲಿನಲ್ಲಿ ಅದ್ದಿದ ಅರಿವೆಯಿಂದ ಕಣ್ಣು ಒರೆಸುತ್ತ ಸಂಜೆಯವರೆಗೆ ಕುಳಿತಿದ್ದಳು. ಮೊದಲು ಬತ್ತಿ ಅದ್ದಿ ಚೀಪಿಸಿದ ಆಡಿನ ಹಾಲು, ಆಮೇಲೆ ಬಾಟಲಿ, ಆಮೇಲೆ ಎಳೆ ಹುಲ್ಲು. ಗಂಡು ಮರಿ. ಅವಳ ಅಂಗೈಯನ್ನು ಬಿಟ್ಟು ಬೇರೆ ಯಾರ ಕೈಯಿಂದಲೂ ಅದು ತಿನ್ನಲಿಲ್ಲ. ಅವಳು ಹಿತ್ತಲ ಬಾಗಿಲಲ್ಲಿ ನಿಂತು "ಬಾ, ಬಾ" ಎಂದರೆ ಸಾಕು, ಹುಣಸೆಮರದ ಬುಡದಿಂದ ಒಂದೇ ನೆಗೆತಕ್ಕೆ ಬಂದು ಅವಳ ಸೀರೆಯ ನಿರಿಗೆಗೆ ಮೂತಿ ಹಚ್ಚಿ ನಿಲ್ಲುತ್ತಿತ್ತು. ನಾವು ಮಕ್ಕಳು ಕರೆದರೆ ಕಿವಿಯನ್ನೂ ಆಡಿಸುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ದಿನಗಳಲ್ಲಿ ಅತ್ತೆ ಹಾಡಿಕೊಳ್ಳುತ್ತಿದ್ದಳು. ಅವಳ ದನಿ ಅಷ್ಟು ಚೆಂದ ಇದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಇಟ್ಟುಕೊಳ್ಳಬೇಕೆಂದು ಅವಳು ಒಮ್ಮೆಯೂ ಅಂದುಕೊಂಡಿರಲಿಲ್ಲ. ರಾಣೆಬೆನ್ನೂರಿನ ಆಚೆ ಚಿಗರಿಗಳಿಗೆಂದೇ ಬಿಟ್ಟ ಕುರುಚಲು ಕಾಡು ಇದೆ. ಗಂಡನ ಮನೆಯಲ್ಲಿದ್ದಾಗ ಅವಳು ನೋಡಿದ್ದು ಅದೊಂದೇ ಚೆಂದದ ವಸ್ತುವಂತೆ. "ಇದು ಅಡವೀದು, ಅಪ್ಪಾ. ಕೋಡು ಬಲಿತ ಮ್ಯಾಲ ಅಲ್ಲಿ ಬಿಟ್ಟ ಬರೂಣು" ಎಂದು ಮೊದಲ ದಿನವೇ ಹೇಳಿದ್ದಳು. ಅಜ್ಜ ಹೂಂ ಎಂದಿದ್ದ. ಕೋಡು ಎರಡು ತಿರುವು ತಿರುಗಿ, ಬೆನ್ನ ಮೇಲೆ ಕಪ್ಪು ಇಳಿಯತೊಡಗಿದಾಗ ಮತ್ತೆ ಕೇಳಿದಳು. ಗೋಗರೆದಳು ಎನ್ನಬೇಕು. ಏನನ್ನೂ ಬೇಡದ ಹೆಂಗಸು ಅಂಗಡಿಯ ಗಾದಿಯ ಮುಂದೆ ನಿಂತು, ಗಿರಾಕಿಗಳ ಎದುರೇ ಬೇಡಿದಳು. ಅಜ್ಜ ನಕ್ಕು, "ದೀಪಾವಳಿ ಬರಲಿ ತಾಳವಾ. ಮನಿ ಮಗಳನ್ನ ಕಳಸಿದಂಗ ಕಳಸೂಣು" ಎಂದ. ಅತ್ತೆ, "ಮಗಳನ್ನ ಕಳಸಿದಂಗ ಬ್ಯಾಡಪಾ. ಹೊಳ್ಳಿ ತವರಿಗೆ ಬರ್ತಾವು" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು, ಅಜ್ಜ ಮಾತು ಕೊಟ್ಟ ಸಂತೋಷಕ್ಕೆ.

ಈಗ ಈರಣ್ಣ ಕಾಕಾನ ಸಂಗತಿ ಹೇಳಬೇಕು. ಅಪ್ಪನ ತಮ್ಮ, ಬಸುವಿನ ಅಪ್ಪ. ನಮ್ಮ ಸೀಮೆಯಲ್ಲಿ ದೀಪಾವಳಿ ಎಂದರೆ ಹೋರಿ. ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ, ಬೆನ್ನಿಗೆ ಜೂಲಾ ಬಟ್ಟೆ ಹೊದಿಸಿ, ಬಲೂನು ಸಿಕ್ಕಿಸಿ, ಎರಡೂ ಕಡೆ ಕಿಕ್ಕಿರಿದ ಜನರ ನಡುವೆ ಹೋರಿಯನ್ನು ಬಿಡುತ್ತಾರೆ. ಓಡುವ ಹೋರಿಯ ಕೊರಳಿಂದ ಕೊಬ್ಬರಿ ಹರಿದವನು ಗಂಡಸು, ಯಾರ ಕೈಗೂ ಸಿಗದ ಹೋರಿ ರಾಜ. ಕಾಕಾನ ಹೋರಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಆ ವರ್ಷ ಹಬ್ಬಕ್ಕೆ ಮೊದಲು ಅದರ ಕಾಲು ಉಳುಕಿತು. ಕಾಕಾ ಮನೆಯಲ್ಲಿ ಸಾವಾದವರ ಹಾಗೆ ತಿರುಗಿದ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಅತ್ತೆ ಕರೆದಾಗ ಚಿಗರಿ ನೆಗೆದು ಬಂದದ್ದನ್ನು ನೋಡಿದ. ಅಲ್ಲೇ ಅವನ ಮುಖ ಅರಳಿತು. ಮರುದಿನದಿಂದ ಹೋರಿಗೆ ಬೇಯುತ್ತಿದ್ದ ಹುರಳಿ ಚಿಗರಿಗೂ ಹೋಯಿತು, ಶೇಂಗಾಹಿಂಡಿಯ ಜೊತೆ. ಅತ್ತೆ ಬೇಡವೆಂದಳು. "ಅಡವಿಗೆ ಹೋಗೂದು, ಮೈಯಾಗ ತಾಕತ್ತ ಬ್ಯಾಡೇನು?" ಎಂದ ಕಾಕಾ. ಅವಳಿಗೆ ಆ ಮಾತು ಸರಿಯೆನಿಸಿತು. ಹುಲ್ಲು ತಿನ್ನುವ ಪ್ರಾಣಿಯ ಹೊಟ್ಟೆ ದಿನದಿನಕ್ಕೆ ಡೊಳ್ಳಾಗುತ್ತ ಬಂತು. ನಮ್ಮವರ ಕಣ್ಣಿಗೆ ಅದು ಮೈದುಂಬುವುದೆಂದು ಕಂಡಿತು. ಹೋರಿ ಕಟ್ಟುವ ಮನೆಯವರಿಗೆ ಕೋಡಿರುವುದೆಲ್ಲ ಹೋರಿಯೇ.

ಪಾಡ್ಯದ ಬೆಳಿಗ್ಗೆ ಅಜ್ಜ ಅತ್ತೆಯನ್ನು ಕರೆದು, ಟೆಂಪೋ ಬಂದಿದೆ, ಇವತ್ತೇ ರಾಣೆಬೆನ್ನೂರಿಗೆ ಬಿಟ್ಟು ಬರುತ್ತೇವೆ ಎಂದ. ಅವಳ ಮುಖ ನೀವು ನೋಡಬೇಕಿತ್ತು. ಸ್ನಾನ ಮಾಡಿ, ಟ್ರಂಕಿನಲ್ಲಿದ್ದ ಮದುವೆ ಸೀರೆ ತೆಗೆದು ಉಟ್ಟು ಬಂದಳು. ಚಿಗರಿಯ ಹಣೆಗೆ ಕುಂಕುಮ ಹಚ್ಚಿದಳು, ಆರತಿ ಎತ್ತಿದಳು. ಅಜ್ಜ ಕೊಬ್ಬರಿ ಬಟ್ಟಲುಗಳ ಹಾರವನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನೇ ನೋಡುತ್ತ, "ಹೋರಿಗೆ ಕಟ್ಟಿದಂಗ ಆತಲ್ಲಪಾ?" ಎಂದಳು. ಅಜ್ಜ, "ಹೋಗು ಮಗಳಿಗೆ ಉಡಿಯಾಗ ಕೊಬ್ಬರಿ ಹಾಕಂಗಿಲ್ಲೇನು? ಅದಕ್ಕೇನ ಸೆರಗ ಐತೇನು ಉಡಿ ತುಂಬಾಕ? ಕೊರಳಿಗೆ ಕಟ್ಟು" ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು ಅವನ ಬಾಯಿಂದ! ಅತ್ತೆಗೆ ಕಣ್ಣೀರು ಬಂತು. ಕಟ್ಟಿದಳು. ಬೇರೆ ಯಾರು ಕಟ್ಟಲು ಹೋಗಿದ್ದರೂ ಅದು ನಿಲ್ಲುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಟೆಂಪೋ ಹತ್ತಿ ಅವಳೇ "ಬಾ, ಬಾ" ಎಂದು ಕರೆದಳು. ಹಲಗೆಯ ಮೇಲೆ ಗೊರಸು ಟಕಟಕ ಎನಿಸುತ್ತ ಅದು ಹತ್ತಿತು. "ನಾನೂ ಬರ್ತೇನಿ. ಬಿಡೂ ಮುಂದ ಒಮ್ಮೆ ನೋಡ್ತೇನಿ" ಎಂದಳು. "ಗಂಡಮಕ್ಕಳ ನಡುವ ನೀ ಎಲ್ಲಿ ಕುಂದರ್ತಿ? ಹೋಳಿಗಿ ಮಾಡು ಹೋಗು" ಎಂದ ಕಾಕಾ.

ಮಧ್ಯಾಹ್ನ ಅಪ್ಪ ನಮ್ಮನ್ನು ಹೋರಿ ನೋಡಲು ಪಕ್ಕದ ಊರಿನ ಅಖಾಡಕ್ಕೆ ಕರೆದೊಯ್ದ. ನಾನು, ಬಸು ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ನಿಂತಿದ್ದೆವು. ಹೋರಿಗಳು ಒಂದೊಂದಾಗಿ ಬಂದು ಹೋದವು. ಆಮೇಲೆ ಮೈಕಿನವನು, "ಎಲ್ಲೂ ನೋಡಿರದಂಥಾದ್ದು ಬರಾಕತ್ತೈತಿ ನೋಡ್ರಿ! ಸಾವ್ಕಾರ್ರ ಚಿಗರಿ! ಕೊಬ್ಬರಿ ಹರಕೊಳ್ರಿ ನೋಡೂಣು!" ಎಂದು ಕಿರುಚಿದ. ಕಾಕಾ ಹಗ್ಗ ಬಿಟ್ಟ. ಅದು ಓಡಲಿಲ್ಲ. ನಿಂತು, ಕತ್ತು ಎತ್ತಿ, ಜನರ ಮುಖಗಳನ್ನು ಒಂದೊಂದಾಗಿ ನೋಡಿತು. ಯಾರನ್ನು ಹುಡುಕುತ್ತಿದೆ ಎಂದು ನನಗೆ ಗೊತ್ತಾಯಿತು. ಯಾರೋ ಅದರ ಹಿಂದೆ ಪಟಾಕಿ ಸಿಡಿಸಿದರು. ಚಿಗರಿ ನೆಟ್ಟಗೆ ಆಕಾಶಕ್ಕೆ ನೆಗೆಯಿತು. ಕೆಳಗೆ ಬಿದ್ದಾಗ ಕೊಬ್ಬರಿ ಎದೆಗೆ ಬಡಿಯಿತು. ಬಡಿದದ್ದಕ್ಕೆ ಬೆದರಿ ಮತ್ತೆ ನೆಗೆಯಿತು, ಮತ್ತೆ ಬಡಿಯಿತು. ತನ್ನ ಕೊರಳಲ್ಲಿದ್ದ ಹಾರದಿಂದಲೇ ತಪ್ಪಿಸಿಕೊಳ್ಳಲು ಅದು ಓಡುತ್ತಿತ್ತು. ಜನರ ಕೈಗಳು ಚಾಚಿದವು, ಒಂದೂ ತಾಗಲಿಲ್ಲ. ಅಖಾಡದ ತುದಿಯಲ್ಲಿ ಮುಂಗಾಲು ಮಡಚಿ ಕುಸಿಯಿತು. ಬಾಯಿ ತೆರೆದಿತ್ತು, ಹುರಳಿ ತುಂಬಿದ ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ಆಮೇಲೆ ಆಡಲಿಲ್ಲ. ಮೈಮೇಲೆ ಒಂದು ಗಾಯವಿಲ್ಲ. ಕಾಕಾ ಓಡಿ ಬಂದು ನೋಡಿ, ಸುತ್ತಲಿದ್ದವರಿಗೆ, "ಯಾರ ಕೈಗೂ ಸಿಗಲಿಲ್ಲ ನೋಡ್ರಲೇ!" ಎಂದ. ಹೆಮ್ಮೆಯಿಂದ ಎಂದ. ಅದು ನನ್ನ ಕಿವಿಯಲ್ಲಿ ಇನ್ನೂ ಇದೆ. ನನ್ನ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ ಬಸುವಿಗೆ ಇದೊಂದು ಮಾತ್ರ ಈಗ ನೆನಪಿಲ್ಲವಂತೆ.

ದೀಪ ಹಚ್ಚುವ ಹೊತ್ತಿಗೆ ಟೆಂಪೋ ಮನೆಗೆ ಬಂತು. ಅತ್ತೆ ಕೈಗೆ ಅಂಟಿದ ಹೂರಣದ ಸಮೇತ ಹೊರಗೆ ಓಡಿ ಬಂದಳು, "ಹೆಂಗ ಹೋತು? ಹಾರಕೋತ ಹೋತೇನು?" ಎನ್ನುತ್ತ. ಟೆಂಪೋದ ಹಲಗೆ ಇಳಿಸಿ ಚಿಗರಿಯನ್ನು ನೆಲದ ಮೇಲೆ ಮಲಗಿಸಿದರು. ಅವಳು ಅಳಲಿಲ್ಲ. ಕೊರಳಿನ ಹಾರವನ್ನು, ತಾನೇ ಹಾಕಿದ್ದ ಗಂಟನ್ನು, ನಿಧಾನವಾಗಿ ಬಿಚ್ಚಿದಳು. ಒಂದು ಬಟ್ಟಲೂ ಉದುರಿರಲಿಲ್ಲ. "ನಾ ಕರದಿದ್ದಕ್ಕ ಬಂತಲ್ಲಪಾ ಅದು?" ಎಂದು ಅಜ್ಜನನ್ನು ಕೇಳಿದಳು. ಅಜ್ಜ, "ಬೆದರಿ ಸತ್ತೈತಿ, ಅದರ ಆಯುಷ್ಯ ಅಷ್ಟ ಇತ್ತು" ಎಂದು ಒಳಗೆ ಹೋದ. ಹೋಗುತ್ತ, ಕೋಡು ತೆಗೆದಿಡಿ, ಪಡಸಾಲೆಗೆ ಚಲೋ ಕಾಣುತ್ತದೆ ಎಂದು ಆಳಿಗೆ ಹೇಳಿದ. ಹೌದು, ನಮ್ಮ ಅಜ್ಜ. ಫೋನಿನಲ್ಲಿ ಇಪ್ಪತ್ತು ಜನ ಕೈಮುಗಿಯುವ ಅಜ್ಜ.

ಮರುದಿನ ಬೆಳಿಗ್ಗೆ ನೀಲತ್ತೆ ಮೊದಲ ಬಸ್ಸು ಹತ್ತಿದಳು. ರಾಣೆಬೆನ್ನೂರಿನಲ್ಲಿ ಇಳಿದು ಅರಣ್ಯ ಇಲಾಖೆಯ ಕಚೇರಿ ಎಲ್ಲಿದೆ ಎಂದು ಕೇಳುತ್ತ ಹೋದಳು. ಗಂಡ ಬಿಟ್ಟ ಹೆಂಗಸು, ತವರಿನ ಅನ್ನ ಬಿಟ್ಟರೆ ಬೇರೆ ಗತಿಯಿಲ್ಲದವಳು, ಸಾಹೇಬರ ಟೇಬಲ್ಲಿನ ಮುಂದೆ ನಿಂತು ತನ್ನ ತಂದೆಯ ಹೆಸರು, ಅಣ್ಣ ಈರಣ್ಣನ ಹೆಸರು ಹೇಳಿದಳು. ಹಿತ್ತಲಲ್ಲಿ ಏನೇನು ಇದೆ, ಏನು ಸತ್ತಿದೆ, ಎಲ್ಲ ಹೇಳಿದಳು. ಜೀಪು ಬಂದಾಗ ಅದೇ ಜೀಪಿನಲ್ಲಿ ಅವಳೂ ಬಂದಳು. ತಾನೇ ಬೀಗ ತೆಗೆದು ಕೊಟ್ಟಳು. ಮಂಗ, ನರಿ, ಆಮೆ, ನವಿಲು, ಎಲ್ಲ ಹೋದವು. ಓಣಿಯ ಜನ ಭಾನುವಾರ ಬರುತ್ತಿದ್ದುದಕ್ಕಿಂತ ಹೆಚ್ಚು ಬಂದಿದ್ದರು. ಅಜ್ಜ ಅವಳ ಮುಖಕ್ಕೆ ಉಗುಳಿದ. ಅವಳು ಸೆರಗಿನಿಂದ ಒರೆಸಿಕೊಂಡು, ಟ್ರಂಕನ್ನು ಎತ್ತಿಕೊಂಡು ಹೊರಟಳು. ಅವಳಿಗಾಗಿ ಆ ಮನೆಯಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ನನ್ನ ಅಪ್ಪ ಕೂಡ ತೆರೆಯಲಿಲ್ಲ. ಆಮೇಲೆ ಅಜ್ಜ ಕೋರ್ಟಿಗೆ ಅಲೆದ, ಕಾಕಾ ಎಲ್ಲಕ್ಕೂ ಅಪ್ಪನನ್ನು ದೂರಿದ, ಅಪ್ಪ ಕಾಕಾನನ್ನು ದೂರಿದ, ಅಡುಗೆ ಎರಡಾಯಿತು, ಹಿತ್ತಲಿಗೆ ಅಡ್ಡಗೋಡೆ ಬಂತು. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ, ಹುಣಸೆಮರವಿಲ್ಲ. ಮನೆ ಮುರಿದದ್ದು ನೀಲತ್ತೆಯಲ್ಲ. ಉಡಿ ತುಂಬುತ್ತೇವೆಂದು ಹೇಳಿ ಅವಳ ಕೈಯಿಂದ ಕೊಬ್ಬರಿ ಕಟ್ಟಿಸಿದ ದಿನವೇ ಅದು ಮುರಿದಿತ್ತು. ಉಳಿದದ್ದು ಬರೀ ಗೋಡೆ.

ಅತ್ತೆ ರಾಣೆಬೆನ್ನೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಳು. ಬೀಜದ ಕಂಪನಿಯೊಂದರಲ್ಲಿ ಬೀಜ ಆರಿಸುವ ಕೆಲಸ ಮಾಡುತ್ತ ಇಡೀ ಬದುಕು ಕಳೆದಳು. ಮದುವೆಯಾಗಿ ಹಾವೇರಿಗೆ ಬಂದ ಮೇಲೆ ನಾನು ಯಾರಿಗೂ ಹೇಳದೆ, ಆಮೇಲೆ ಎಲ್ಲರಿಗೂ ಹೇಳಿಯೇ, ಅವಳಲ್ಲಿಗೆ ಹೋಗಿ ಬರುತ್ತಿದ್ದೆ. ನಮ್ಮ ಪ್ರಾಣಿಗಳನ್ನು ಒಯ್ದಿದ್ದ ಮೃಗಾಲಯಕ್ಕೆ ಅವಳು ಒಮ್ಮೆ ಹೋಗಿದ್ದಳಂತೆ. ಕಂಬಿಗಳ ಆಚೆ ಎಷ್ಟೋ ನರಿಗಳಿದ್ದವಂತೆ. "ಕುಂಟೂದರ ಮ್ಯಾಲಿಂದ ನಮ್ಮದನ್ನ ಗುರುತ ಹಿಡದ್ನಿ. ಅದು ನನ್ನ ಗುರುತ ಹಿಡೀಲಿಲ್ಲ. ಚಲೋ ಆತು" ಎಂದಳು. ಅವಳು ಅದನ್ನು ನೋವಿನಿಂದ ಹೇಳಲಿಲ್ಲ. ನನಗೆ ಆಗ ಅರ್ಥವಾಗಲಿಲ್ಲ.

ಅವಳು ತೀರಿಕೊಳ್ಳುವ ಹಿಂದಿನ ವರ್ಷ, ಒಂದು ಮುಂಜಾನೆ, ಅವಳನ್ನು ಆಟೋದಲ್ಲಿ ಕೂಡಿಸಿಕೊಂಡು ಕುರುಚಲು ಕಾಡಿನ ಕಡೆ ಹೋದೆ. ಅಷ್ಟು ವರ್ಷ ಅದೇ ಊರಲ್ಲಿದ್ದೂ ಅವಳು ಆ ದಾರಿ ಹಿಡಿದಿರಲಿಲ್ಲ. ಬಿಸಿಲು ಎಳೆಯದಿತ್ತು, ಹುಲ್ಲು ಹಳದಿಯಾಗಿತ್ತು. ಜಾಲಿಗಿಡಗಳ ನಡುವೆ ಚಿಗರಿಗಳು ಮೇಯುತ್ತಿದ್ದವು. ನಾವು ಸದ್ದಿಲ್ಲದೆ ನಿಂತೆವು. ಕಪ್ಪು ಬೆನ್ನಿನ, ಉದ್ದ ಕೋಡಿನ ಗಂಡೊಂದು ತಲೆಯೆತ್ತಿ ನಮ್ಮನ್ನು ನೋಡಿತು. ಜನರನ್ನು ನೋಡಿ ನೋಡಿ ರೂಢಿಯಾಗಿತ್ತೋ ಏನೋ, ಓಡಲಿಲ್ಲ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಮ್ಮ ಕಡೆಗೇ ಬಂತು. ನನಗೆ ಸಂತೋಷ ತಡೆಯಲಾಗಲಿಲ್ಲ. "ಅತ್ತಿ, ನೋಡಲ್ಲೆ, ನಿನ್ನ ಕಡೇನ ಬರಾಕತ್ತೈತಿ" ಎಂದು ಪಿಸುಗುಟ್ಟಿ, ಅವಳ ಮುಖ ನೋಡಲು ತಿರುಗಿದೆ. ಅವಳು ಬಗ್ಗಿದ್ದಳು. ನೆಲದಿಂದ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡು, ಆ ವಯಸ್ಸಿನಲ್ಲಿ ಎಲ್ಲಿಂದ ಬಂತೋ ಅಷ್ಟು ಕಸುವು, ಬೀಸಿ ಒಗೆದಳು. ಹೆಂಟೆ ಅದರ ಮುಂಗಾಲ ಹತ್ತಿರ ಬಿದ್ದು ಒಡೆಯಿತು. ಗಂಡು ಬೆಚ್ಚಿ ನೆಗೆಯಿತು, ಅದರ ಹಿಂದೆ ಇಡೀ ಹಿಂಡು ನೆಗೆಯಿತು, ಹಳದಿ ಹುಲ್ಲಿನ ಮೇಲೆ ಹಾರಿ ಹಾರಿ ದೂರವಾಯಿತು. ಅತ್ತೆ ಏದುಸಿರು ಬಿಡುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು, ಅವು ಕಾಣದಾದ ಮೇಲೂ ಕೂಗುತ್ತಿದ್ದಳು:

"ಓಡ್ರಿ! ಓಡ್ರಿ! ಯಾರ ಕರದ್ರೂ ಬರಬ್ಯಾಡ್ರಿ. ನಾ ಕರದ್ರೂ ಬರಬ್ಯಾಡ್ರಿ."